ಶನಿವಾರದ ಓದು

ಕಳೆದ ವಾರ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಹುರಿದ ಶೇಂಗಾ ಕೊಂಡೆ. ಬಿಸಿ ಮರಳಿನ ವಾಸನೆ ಇನ್ನೂ ಅದರಿಂದ ಹೋಗಿರಲಿಲ್ಲ. ಮಾರುವವಳು ಹಳೆಯ ಪತ್ರಿಕೆಯ ಹಾಳೆಯನ್ನು ಸುತ್ತಿ ಪೊಟ್ಟಣ ಮಾಡಿ ತುಂಬಿ ಕೈಗಿಟ್ಟಳು. ಬಸ್ಸಿನಲ್ಲಿ ಕುಳಿತ ಮೇಲೆ ನನಗೇ ಗೊತ್ತಿಲ್ಲದಂತೆ ಶೇಂಗಾವನ್ನೆಲ್ಲ ಸೆರಗಿಗೆ ಸುರುವಿಕೊಂಡು, ಪೊಟ್ಟಣ ಬಿಚ್ಚಿ, ಅದರ ಸುಕ್ಕನ್ನು ತೊಡೆಯ ಮೇಲೆ ತೀಡಿ ಓದತೊಡಗಿದ್ದೆ. ಅರ್ಧ ಯಾವುದೋ ಬೀಜದ ಜಾಹೀರಾತು, ಅರ್ಧ ಮಳೆಯ ಸುದ್ದಿ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸ್ವಲ್ಪ ಹೊತ್ತು ನೋಡಿ, "ಏನರ ಕಳಕೊಂಡೀರೇನ್ರಿ ಅದರಾಗ?" ಎಂದು ಕೇಳಿದಳು. ನಾನು ನಕ್ಕು ಹಾಳೆಯನ್ನು ಮಡಚಿಟ್ಟೆ.

ಈ ರೂಢಿ ನನ್ನದಲ್ಲ. ಅದು ನಮ್ಮ ಕನ್ನಡ ಸರ್ ಅವರದು.

ನಾನು ವಿಜ್ಞಾನದ ಶಿಕ್ಷಕಿಯಾಗಿ ಮೊದಲು ಸೇರಿದ್ದು ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ. ಆಗ ಅವರಿಗೆ ಐವತ್ತು ದಾಟಿತ್ತು. ಊರು ಬಾದಾಮಿ. ಮನೆಯವರೆಲ್ಲ ಅಲ್ಲಿಯೇ ಇದ್ದರು. ಅವರು ಹುನಗುಂದದಲ್ಲಿ ಒಂದು ಕೋಣೆ ಹಿಡಿದು, ಭಾನುವಾರ ಮಾತ್ರ ಊರಿಗೆ ಹೋಗುತ್ತಿದ್ದರು. ನಾನೂ ಹುನಗುಂದದಿಂದಲೇ ಹೋಗಿಬರುತ್ತಿದ್ದುದರಿಂದ ದಿನಾಲೂ ಒಂದೇ ಬಸ್ಸು. ಅವರ ಅಂಗಿಯ ಜೇಬು ಯಾವಾಗಲೂ ಉಬ್ಬಿರುತ್ತಿತ್ತು. ಅದರಲ್ಲಿ ಔಷಧದ ಚೀಟಿ, ಸಾಬೂನಿನ ಹೊದಿಕೆ, ಗೋಡೆಯಿಂದ ಅರ್ಧ ಕಿತ್ತ ಕರಪತ್ರ... ಮುದ್ರಿಸಿದ್ದು ಏನೇ ಇರಲಿ, ಓದದೆ ಎಸೆಯುತ್ತಿರಲಿಲ್ಲ. ಅವರ ತಂದೆ ಪುರಾಣ ಓದುತ್ತಿದ್ದವರಂತೆ. ಓದಲು ಕುಳಿತರೆ ಓಣಿಯೆಲ್ಲ ಬಂದು ಕೇಳುತ್ತಿತ್ತಂತೆ. ಆ ದನಿ ಇವರಿಗೂ ಬಂದಿತ್ತು. ಎಂಟನೆಯ ತರಗತಿಯಲ್ಲಿ ಅವರು ಪಾಠ ಓದತೊಡಗಿದರೆ, ಪಕ್ಕದ ಕೋಣೆಯಲ್ಲಿ ನನ್ನ ಮಕ್ಕಳು ಆಮ್ಲ ಪ್ರತ್ಯಾಮ್ಲಗಳನ್ನು ಬಿಟ್ಟು ಗೋಡೆಯ ಕಡೆಗೆ ಕಿವಿ ಕೊಡುತ್ತಿದ್ದರು.

ಅವರು ತಮ್ಮ ಮಕ್ಕಳಿಗೂ ಹಾಗೆಯೇ ಓದಲು ಕಲಿಸಿದ್ದರು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು. ಹತ್ತನೆಯ ತರಗತಿಯ ಮಾಳಪ್ಪನೆಂಬ ಹುಡುಗ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ. ಅವನ ಅಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗೇ ಇರುತ್ತಿದ್ದ. ಮನೆಯಲ್ಲಿ ಅವ್ವ, ಅಜ್ಜಿ, ಇವನು. ಅಧಿಕಾರಿಗಳು ಶಾಲೆಗೆ ಬಂದ ದಿನ ಸರ್ ಅವನನ್ನೇ ಎಬ್ಬಿಸಿ ಓದಿಸುತ್ತಿದ್ದರು. ಬಂದವರು ತಲೆದೂಗಿ ಹೋಗುತ್ತಿದ್ದರು.

ಒಂದು ದಿನ ಸರ್ ತಮಾಷೆಗೆಂದು ಒಂದು ಕೆಲಸ ಮಾಡಿದರು. ಶಾಲೆಯ ಅಂಗಳದ ಬೇವಿನ ಮರದ ಬಗ್ಗೆ ಅರ್ಧ ಪುಟ ಬರೆದು, ಹುನಗುಂದದಲ್ಲಿ ಟೈಪು ಮಾಡಿಸಿ, ಎಲ್ಲರಿಗೂ ಒಂದೊಂದು ಪ್ರತಿ ಹಂಚಿದರು. ಆ ಮರವನ್ನು ಮುನ್ನೂರು ವರ್ಷದ ಹಿಂದೆ ದಂಡಯಾತ್ರೆಗೆ ಹೊರಟ ಒಬ್ಬ ದೊರೆ ನೆಟ್ಟನೆಂದು ಅದರಲ್ಲಿತ್ತು. ಮಕ್ಕಳು ಓದಿದರು, ಪ್ರಶ್ನೆಗೆ ಉತ್ತರ ಬರೆದರು. ಮರ ನೆಟ್ಟವರು ಯಾರು? ದೊರೆ. ಯಾವಾಗ? ಮುನ್ನೂರು ವರ್ಷದ ಹಿಂದೆ. ಒಬ್ಬರೂ ತಪ್ಪು ಬರೆದಿರಲಿಲ್ಲ. ಆದರೆ ಆ ಮರ ನೆಟ್ಟವನು ಮಾಳಪ್ಪನ ಅಜ್ಜ, ಈ ಶಾಲೆಯ ಹಳೆಯ ಜವಾನ, ಎಂಬುದು ಇಡೀ ಊರಿಗೆ ಗೊತ್ತಿತ್ತು. ಮಾಳಪ್ಪನೂ ದೊರೆ ಎಂದೇ ಬರೆದಿದ್ದ.

ಸರ್ ಅವನನ್ನು ಶಿಕ್ಷಕರ ಕೋಣೆಗೆ ಕರೆದರು. ನಾನು ಅಲ್ಲಿಯೇ ಇದ್ದೆ.

"ಗಿಡ ಹಚ್ಚಿದಾವ ನಿಮ್ಮಜ್ಜ ಅಂತ ನಿನಗ ಗೊತ್ತಿರಲಿಲ್ಲೇನೋ?"

"ಗೊತ್ತಿತ್ರಿ ಸರ."

"ಮತ್ತ ರಾಜಾ ಅಂತ ಯಾಕ ಬರದಿ?"

ಹುಡುಗ ತಲೆ ಕೆಳಗೆ ಹಾಕಿ ನಿಂತ. ಆಮೇಲೆ, ಇಷ್ಟು ಸಣ್ಣ ವಿಷಯ ಇವರಿಗೇಕೆ ತಿಳಿಯುತ್ತಿಲ್ಲ ಎನ್ನುವಂತೆ, "ಅಚ್ಚಾಗಿತ್ತಲ್ರಿ ಸರ" ಎಂದ.

ಆವತ್ತು ಬಸ್ಸಿನಲ್ಲಿ ಸರ್ ಮಕ್ಕಳ ಉತ್ತರದ ಹಾಳೆಗಳನ್ನು ತೆಗೆದು ಮತ್ತೊಮ್ಮೆ ಒಂದೊಂದಾಗಿ ನೋಡಿದರು. ಇಳಿಯುವ ಮುಂಚೆ, "ಟೀಚರ, ನಾ ಇಷ್ಟು ವರ್ಷ ಇವರಿಗೆ ಓದಾಕ ಕಲಿಸಿಲ್ಲ. ಬರೇ ಒದರಾಕ ಕಲಿಸೇನಿ," ಎಂದರು.

ಶನಿವಾರದ ಓದು ಶುರುವಾದದ್ದು ಅದಾದ ಮೇಲೆ. ಶನಿವಾರ ಬೆಳಗಿನ ಶಾಲೆ. ಕೊನೆಯ ಒಂದು ತಾಸು ಆಟಕ್ಕೆಂದು ಇಟ್ಟಿದ್ದು. ಅದನ್ನು ಸರ್ ಕೇಳಿ ಪಡೆದರು. ಮಕ್ಕಳು ಮನೆಯಲ್ಲಿ, ಬೀದಿಯಲ್ಲಿ ಸಿಕ್ಕಿದ ಯಾವುದಾದರೂ ಮುದ್ರಿಸಿದ ಕಾಗದ ತರಬೇಕು. ಬೇವಿನ ಮರದ ಕೆಳಗೆ ಕುಳಿತು ಅದನ್ನು ಓದಬೇಕು. ಓದಿದ ಮೇಲೆ ಸರ್ ಕೇಳುತ್ತಿದ್ದುದು ಇಷ್ಟೇ: ಇದನ್ನ ಬರದವ್ರು ಯಾರು? ನಾವು ಏನು ಮಾಡಲಿ ಅಂತ ಬರದಾರ? ಯಾರ ಮಾತು ಇದರಾಗ ಬಂದಿಲ್ಲ?

ಮೊದಮೊದಲು ಮಕ್ಕಳು ಹೆದರಿದರು. ಇಂಥ ಪ್ರಶ್ನೆಗೆ ಉತ್ತರ ಗೈಡಿನಲ್ಲಿ ಎಲ್ಲಿದೆ ಎಂದು ಹುಡುಕಿದರು. ಸರ್ ಏನು ಹೇಳಿದರೂ "ಹೌದ್ರಿ ಸರ" ಎನ್ನುತ್ತಿದ್ದರು. ಅವರು ಬೇಕಂತಲೇ ಸುಳ್ಳು ಹೇಳಿ, ಅದಕ್ಕೂ "ಹೌದ್ರಿ" ಬಂದಾಗ ಕೈ ಹಣೆಗೆ ಒತ್ತಿಕೊಂಡು ಕೂರುತ್ತಿದ್ದರು. ಆದರೆ ದಸರೆ ರಜೆ ಮುಗಿಯುವ ಹೊತ್ತಿಗೆ ಏನೋ ಸಡಿಲವಾಯಿತು. ಒಬ್ಬ ಹುಡುಗಿ ಕೂದಲೆಣ್ಣೆಯ ಡಬ್ಬಿಯ ಮೇಲಿನ ಚಿತ್ರ ತೋರಿಸಿ, ಈಕೆ ಈ ಎಣ್ಣೆ ಹಚ್ಚುವ ಮೊದಲು ಹೇಗಿದ್ದಳೆಂದು ಯಾಕೆ ಹಾಕಿಲ್ಲ ಎಂದು ಕೇಳಿದಳು. ಇನ್ನೊಂದು ಶನಿವಾರ ಮಾಳಪ್ಪ ಬಾಗಲಕೋಟೆಯ ಒಂದು ಕೋಚಿಂಗ್ ಕ್ಲಾಸಿನ ಕರಪತ್ರ ತಂದ. ಅದರ ತುಂಬ ಹೆಚ್ಚು ಅಂಕ ಪಡೆದ ಮಕ್ಕಳ ಸಾಲು ಸಾಲು ಫೋಟೋ. ಅವನು ಅದನ್ನು ತನ್ನ ಒಳ್ಳೆಯ ದನಿಯಲ್ಲಿ ಓದಿ, ನಿಲ್ಲಿಸಿ, ಯಾರೂ ಕೇಳುವ ಮೊದಲೇ, "ಸರ, ಫೇಲಾದವರ ಫೋಟೋ ಎಲ್ಲಿ ಅದಾವ್ರಿ?" ಎಂದ.

ಸರ್ ಆ ಮಾತನ್ನು ಬಸ್ಸಿನಲ್ಲಿ ನನಗೆ ಎರಡು ಸಲ ಹೇಳಿದರು. ಮರುದಿನ ಬಾದಾಮಿಗೆ ಹೋದಾಗ ಹೆಂಡತಿಗೂ ಹೇಳಿದರಂತೆ. ಅಷ್ಟು ಖುಷಿಯಾಗಿದ್ದನ್ನು ನಾನು ಆಮೇಲೆ ಎಂದೂ ನೋಡಲಿಲ್ಲ.

ಕಮತಗಿಯಲ್ಲಿ ನಡೆದ ಶಿಕ್ಷಕರ ಸಭೆಯಲ್ಲಿ ಇದನ್ನೆಲ್ಲ ಹೇಳಲು ಎದ್ದು ನಿಂತರು. ಮಕ್ಕಳು ಏನು ಕೇಳುತ್ತಾರೆ, ಎಲ್ಲಿ ತಡವರಿಸುತ್ತಾರೆ, ಯಾವುದನ್ನು ನಂಬಿಬಿಡುತ್ತಾರೆ ಎಂದು ಅವರು ಹೇಳುತ್ತಿದ್ದಂತೆ ಹಿಂದಿನ ಸಾಲಿನವರು ಊಟಕ್ಕೆ ಎದ್ದರು. "ಮೊದಲ ಪೋರ್ಷನ್ ಮುಗಸ್ರಿ ಸರ. ಹುಡುಗ್ರು ಪ್ರಶ್ನಿ ಕೇಳಿದ್ರ ಮಾರ್ಕ್ಸ್ ಬರೂದಿಲ್ಲ, ಉತ್ತರ ಬರದ್ರ ಬರ್ತಾವ," ಎಂದು ಯಾರೋ ಹೇಳಿದರು. ಎಲ್ಲರೂ ನಕ್ಕರು. ಸರ್ ಕೂಡ ನಕ್ಕರು.

ಅದೇ ವರ್ಷ ಆ ಕಡೆಯ ಹಳ್ಳಿಗಳಲ್ಲೆಲ್ಲ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಫೋನಿನಿಂದ ಫೋನಿಗೆ ಹಾರಾಡತೊಡಗಿತು. ವೇಷ ಹಾಕಿಕೊಂಡು ಬರುತ್ತಾರೆ, ಮಕ್ಕಳಿಗೆ ತಿನ್ನಲು ಕೊಟ್ಟು ಮರುಳು ಮಾಡುತ್ತಾರೆ, ಪಕ್ಕದ ಊರಲ್ಲೇ ಇಬ್ಬರು ಸಿಕ್ಕಿದ್ದಾರೆ... ಹೀಗೆ. ಶನಿವಾರದ ಓದಿಗೆ ಮಕ್ಕಳು ಕಾಗದವನ್ನಷ್ಟೇ ತರುತ್ತಿದ್ದರು. ಶಾಲೆಗೆ ಫೋನು ತರುವಂತಿರಲಿಲ್ಲ.

ಮಾಳಪ್ಪನ ಓಣಿಯಲ್ಲಿ ಓದಲು ಬರುವ ದೊಡ್ಡವರು ಕಡಿಮೆ. ಫೋನಿನಲ್ಲಿ ಏನಾದರೂ ಬಂದರೆ ಹೆಂಗಸರು ಅವನ ಬಳಿಗೆ ತರುತ್ತಿದ್ದರು. ಸಂಜೆ ಕಟ್ಟೆಯ ಮೇಲೆ ಕುಳಿತು ಅವನು ಓದಿ ಹೇಳುತ್ತಿದ್ದ. ಬ್ಯಾಂಕಿನದು, ರೇಷನ್ನಿನದು, ದವಾಖಾನೆಯದು, ಎಲ್ಲ. ಇದು ನಮಗೆ ಗೊತ್ತಿತ್ತು. ಸರ್ ಅದಕ್ಕೆ ಹೆಮ್ಮೆಪಡುತ್ತಿದ್ದರು ಕೂಡ.

ಒಂದು ಮಧ್ಯಾಹ್ನ ಊರಿಗೆ ಒಬ್ಬ ಮನುಷ್ಯ ಬಂದಿದ್ದ. ಹೆಂಗಸರು ಬಾಚಿ ಸುತ್ತಿಟ್ಟ ಕೂದಲನ್ನು ತೆಗೆದುಕೊಂಡು ಪ್ಲಾಸ್ಟಿಕ್ ಡಬ್ಬಿ, ಬುಟ್ಟಿ ಕೊಡುವವನು. ಮಕ್ಕಳು ಮನೆಯಿಂದ ಕೂದಲಿನ ಉಂಡೆ ತಂದರೆ ಒಂದು ಬಲೂನೋ ಪೆಪ್ಪರಮೆಂಟೋ ಸಿಗುತ್ತಿತ್ತು. ಅಂಥವರು ಮೊದಲೂ ಬರುತ್ತಿದ್ದರು. ಅವನ ಸುತ್ತ ಇನ್ನೂ ಶಾಲೆಗೆ ಹೋಗದ ಸಣ್ಣ ಮಕ್ಕಳು ನೆರೆದಿದ್ದರು. ಅದೇ ಹೊತ್ತಿಗೆ ಮಾಳಪ್ಪನ ಅವ್ವನ ಫೋನಿಗೆ ಮಕ್ಕಳ ಕಳ್ಳರ ಬಗ್ಗೆ ಒಂದು ಸಂದೇಶ ಬಂತು. ಆವತ್ತು ಜ್ವರವೆಂದು ಶಾಲೆಗೆ ಬರದೆ ಮನೆಯಲ್ಲಿದ್ದ ಮಾಳಪ್ಪ ಅದನ್ನು ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಓದಿದ.

ಶಾಲೆ ಬಿಟ್ಟು ನಾನೂ ಸರ್ ಅವರೂ ಬಸ್ಸಿಗೆಂದು ಹೊರಟಾಗ ಬಸ್ ನಿಲ್ದಾಣದ ಬಳಿ ಜನ ಸೇರಿದ್ದರು. ಪ್ಲಾಸ್ಟಿಕ್ ಬುಟ್ಟಿಗಳು ರಸ್ತೆಯ ತುಂಬ ಉರುಳಿದ್ದವು. ಮೊದಲು ನನಗೆ ಏನೆಂದು ತಿಳಿಯಲಿಲ್ಲ. ಆಮೇಲೆ ಜನರ ಕಾಲುಗಳ ನಡುವೆ ಆ ಮನುಷ್ಯ ಕಂಡ.

ಸರ್ ಚೀಲ ನನ್ನ ಕೈಗೆ ಕೊಟ್ಟು ಒಳಗೆ ನುಗ್ಗಿದರು. ಅವರು ಕೇಳುತ್ತಿದ್ದುದು ನನಗೆ ಹೊರಗೆ ಕೇಳಿಸುತ್ತಿತ್ತು. ಯಾರ ಕೂಸು ಕಳದೈತಿ? ಯಾರು ನೋಡೀರಿ? ನಿಮಗ ಯಾರು ಹೇಳಿದ್ರು? ಒಂದೊಂದೇ ಕೇಳುತ್ತಿದ್ದರು, ಮರದ ಕೆಳಗೆ ಕೇಳುತ್ತಿದ್ದ ಹಾಗೆಯೇ. ಅವರ ಕೈಯಲ್ಲೇ ಕಲಿತು ಹೋಗಿದ್ದ ಒಬ್ಬ ತರುಣ ಅವರ ತೋಳು ಹಿಡಿದು, ಮರ್ಯಾದೆಯಿಂದಲೇ ಹೊರಗೆ ತಂದು ಬಿಟ್ಟ. "ನೀವು ಊರಾವ್ರಲ್ಲ. ನಿಮಗ ತಿಳಿಯೂದಿಲ್ಲ. ಸುಮ್ಮನ ನಿಂದರ್ರಿ ಸರ," ಎಂದ.

ಪೊಲೀಸರು ಬರುವ ಹೊತ್ತಿಗೆ ಆ ಮನುಷ್ಯನಿಗೆ ಮಾತು ನಿಂತಿತ್ತು. ಅವನನ್ನು ಬಾಗಲಕೋಟೆಗೆ ಒಯ್ದರು. ಊರಲ್ಲಿ ಒಂದು ಕೂಸೂ ಕಳೆದಿರಲಿಲ್ಲ.

ಓದಿದವನು ಮಾಳಪ್ಪ ಎಂದು ಶಾಲೆಯಲ್ಲಿ ತಿಳಿಯಲು ತಡವಾಗಲಿಲ್ಲ. ಅವನು ತಿರುಗಿ ಬಂದ ದಿನ ಸರ್ ಅವನನ್ನು ಬೈಯಲಿಲ್ಲ. ಶಿಕ್ಷಕರ ಕೋಣೆಯಲ್ಲಿ, ನನ್ನ ಎದುರಿನಲ್ಲೇ, ಹತ್ತಿರ ಕುಳ್ಳಿರಿಸಿಕೊಂಡು, ನಿಧಾನವಾಗಿ, ಖರೇ ತಿಳಿದುಕೊಳ್ಳಬೇಕೆಂದೇ ಕೇಳಿದರು.

"ಅದನ್ನ ಬರದವ್ರು ಯಾರು ಅಂತ ಒಮ್ಮೆರ ಅನಿಸಲಿಲ್ಲೇನಪಾ ನಿನಗ?"

"ನಮ್ಮ ಕಾಕಾ ಕಳಿಸಿದ್ದರಿ ಅದನ್ನ. ಬಾಗಲಕೋಟ್ಯಾಗಿಂದ."

"ಕಾಕಾ ಬರದಿದ್ದಾ?"

"ಇಲ್ರಿ. ಅವರಿಗೂ ಯಾರೋ ಕಳಿಸಿದ್ರು."

"ಮತ್ತ?"

ಮಾಳಪ್ಪನ ಕಣ್ಣು ತುಂಬಿದ್ದವು. "ಎಣ್ಣಿ ಡಬ್ಬಿಗೆ ಕೇಳಬಹುದ್ರಿ ಸರ. ಕಾಕಾಗ ಹೆಂಗ ಕೇಳ್ಲಿ?"

ಹುಡುಗ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ತಾನಾಗಿಯೇ ಮತ್ತೆ ಹೇಳಿದ: "ನಾ ಹೊಡದಿಲ್ರಿ. ಬರೇ ಓದೇನ್ರಿ. ನೀವು ಹೇಳಿದಂಗ, ಎಲ್ಲಿ ನಿಂದರಬೇಕೋ ಅಲ್ಲಿ ನಿಂತ ಓದೇನ್ರಿ. ಎಲ್ಲಾರೂ ಸುಮ್ಮನಾಗಿ ಕೇಳಿದ್ರು."

ಸರ್ ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ಹುಡುಗನಿಗೆ ಹೋಗೆಂದು ಹೇಳಿದವಳು ನಾನು.

ಠಾಣೆಗೆ ಹೋಗಿ ಅವರು ಕಂಡದ್ದನ್ನು ಹೇಳಿ ಬಂದರು. ಹೊಡೆದವರಲ್ಲಿ ತಮಗೆ ಗುರುತು ಸಿಕ್ಕವರ ಹೆಸರು ಹೇಳಿದರು. ಓದಿದವನ ಹೆಸರು ಹೇಳಲಿಲ್ಲ. ಯಾಕೆ ಎಂದು ನಾನು ಕೇಳಿದಾಗ, "ಓದಾಕ ಕಲಿಸಿದಾವ ನಾನ ಅಲ್ಲೇನ್ರಿ ಟೀಚರ?" ಎಂದರು. ಕೇಸು ಎಲ್ಲಿಗೂ ಮುಟ್ಟಲಿಲ್ಲ. ಹೊಡೆದವರು ಬೇರೆ ಊರಿನವರು ಎಂದು ಊರಿಗೆ ಊರೇ ಹೇಳಿತು. ಆದರೆ ಸರ್ ಠಾಣೆಗೆ ಹೋದ ಮಾತು ಎಲ್ಲರಿಗೂ ಗೊತ್ತಾಯಿತು. ಬಸ್ ನಿಲ್ದಾಣದ ಹೋಟೆಲಿನವನು ಅವರು ಬಂದರೆ ಚಹಾ ಆಗಿದೆ ಎನ್ನತೊಡಗಿದ. "ಆಗಿದೆ" ಎಂದರೆ ನಮ್ಮಲ್ಲಿ ಮುಗಿದಿದೆ ಎಂದು ಅರ್ಥ. ಒಲೆಯ ಮೇಲೆ ಚಹಾ ಕುದಿಯುತ್ತಲೇ ಇರುತ್ತಿತ್ತು.

ಒಂದು ಭಾನುವಾರ ಅವರು ಬಾದಾಮಿಗೆ ಹೋಗದೆ ಬಾಗಲಕೋಟೆಯ ದವಾಖಾನೆಗೆ ಹೊರಟರು. ನಾನೂ ಜೊತೆಗೆ ಹೋದೆ. ಆ ಮನುಷ್ಯನ ದವಡೆ ಕಟ್ಟಿದ್ದರು, ಒಂದು ಕಣ್ಣಿನ ಮೇಲೆ ಪಟ್ಟಿ. ಇನ್ನೊಂದು ಕಣ್ಣಿನಿಂದ ನಮ್ಮನ್ನು ನೋಡಿದ. ಏನು ನೋಡಿದನೋ ಗೊತ್ತಾಗಲಿಲ್ಲ. ಮಂಚದ ಕೆಳಗೆ ಕುಳಿತಿದ್ದ ಅವನ ಹೆಂಡತಿ ನಮ್ಮನ್ನು ಸರಕಾರದವರೆಂದು ತಿಳಿದು ಎದ್ದು ನಿಂತಳು. ಸರ್ ಹಣ್ಣಿನ ಚೀಲ ಕೊಟ್ಟರು. ಅವಳು ಇಸಿದುಕೊಂಡು, ಯಾವ ಊರಿನವರೆಂದು ಕೇಳಿದಳು. ಸರ್ ಬಾದಾಮಿ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಅವರು ಶಾಲೆಯ ಊರಿನ ಹೆಸರು ಹೇಳಿದರು. "ನಾ ಅಲ್ಲೆ ಮಾಸ್ತರ ಅದೀನ್ರಿ," ಎಂದರು.

ಅವಳು ಸಿಟ್ಟು ಮಾಡಲಿಲ್ಲ. ಚೀಲವನ್ನು ಅವರ ಕಾಲ ಬಳಿ ಇಟ್ಟಳು. "ನಮ್ಮ ಹುಡುಗ್ರನ್ನ ನಾವು ಸಾಲಿಗೆ ಹಾಕಿಲ್ರಿ," ಎಂದಳು. "ಊರೂರು ತಿರಗ್ತೇವಿ ನೋಡ್ರಿ, ಎಲ್ಲಿ ಹಾಕೂದು... ಸಾಲಿ ಇದ್ದ ಊರಾಗ ಮಂದಿ ಶಾಣ್ಯಾ ಇರ್ತಾರ ಅಂತ ಇವರು ಅಂತಿದ್ರು. ಮೊದಲ ಅಂಥ ಊರಿಗೇ ಹೋಗೂದು." ಅಷ್ಟು ಹೇಳಿ ಗಂಡನ ಹೊದಿಕೆ ಸರಿಪಡಿಸಲು ತಿರುಗಿದಳು. ಮತ್ತೆ ನಮ್ಮ ಕಡೆ ನೋಡಲಿಲ್ಲ.

ಹಿಂತಿರುಗುವಾಗ ಸರ್ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಸಮಾಧಾನಕ್ಕೆಂದು ನಾನು ಏನೇನೋ ಹೇಳಿದೆ. ಒಬ್ಬ ಮಾಸ್ತರ, ವಾರಕ್ಕೊಂದು ತಾಸು, ಅದರಿಂದ ಎಷ್ಟಾಗುತ್ತದೆ ಎಂದೆ. ಅವರು ತಿರುಗದೆಯೇ, "ಅವರು ಓದೂದು ಅಕ್ಷರಾ ಅಲ್ಲ ಟೀಚರ. ಕಳಿಸಿದವರ ಮುಖಾ ಓದ್ತಾರ. ಅದನ್ನ ನಾ ಹೆಂಗ ಕಲಿಸ್ಲಿ? ಮನ್ಯಾಗಿನವರನ್ನ ನಂಬಬ್ಯಾಡ ಅಂತ ಹೆಂಗ ಹೇಳ್ಲಿ?" ಎಂದರು.

ಮುಂದಿನ ಶನಿವಾರ ಕೊನೆಯ ತಾಸಿನ ಗಂಟೆ ಹೊಡೆದಾಗ ಮಕ್ಕಳು ರೂಢಿಯಂತೆ ಮರದ ಕೆಳಗೆ ಹೋಗಿ ಕುಳಿತರು. ಸರ್ ಶಿಕ್ಷಕರ ಕೋಣೆಯಿಂದ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಕೂದಲೆಣ್ಣೆಯ ಡಬ್ಬಿ ತಂದಿದ್ದ ಹುಡುಗಿ ಬಾಗಿಲಿಗೆ ಬಂದಳು. ಕೈಯಲ್ಲಿ ಏನೋ ಮಡಚಿದ ಕಾಗದ ಇತ್ತು.

"ಸರ, ಬರ್ರಿ. ಓದೂದಿಲ್ಲೇನ್ರಿ ಇವತ್ತ?"

"ಬ್ಯಾಡವಾ," ಎಂದರು. "ಆಡ್ರಿ ಹೋಗ್ರಿ. ಸೋಮವಾರದಿಂದ ಎಲ್ಲಾರೂ ಗೈಡ್ ತರ್ರಿ."

ಅವಳು ಕಾಗದವನ್ನು ಮತ್ತಷ್ಟು ಸಣ್ಣದಾಗಿ ಮಡಚುತ್ತ ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ಅದರಲ್ಲಿ ಏನಿತ್ತೆಂದು ಅವರು ಕೇಳಲಿಲ್ಲ.

ಆ ವರ್ಷ ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಒಬ್ಬರೂ ನಪಾಸಾಗಲಿಲ್ಲ. ಸರ್ ಪ್ರಶ್ನೆ ಹೇಳುವುದು, ಉತ್ತರ ಬರೆಸುವುದು, ಬಾಯಿಪಾಠ ಒಪ್ಪಿಸಿಕೊಳ್ಳುವುದು, ಇಷ್ಟನ್ನೇ ನಿವೃತ್ತಿಯವರೆಗೆ ಮಾಡಿದರು. ತಪ್ಪದೆ ಮಾಡಿದರು. ಕಮತಗಿಯ ಸಭೆಯಲ್ಲಿ ಅವರಿಗೆ ಹಾರ ಹಾಕಿ ಫಲಿತಾಂಶದ ಬಗ್ಗೆ ಹೇಳಲು ಕರೆದರು. ಎದ್ದು ನಿಂತು, ನಮಸ್ಕಾರ ಎಂದು ಹೇಳಿ, ಕುಳಿತುಬಿಟ್ಟರು. ತರಗತಿಯಲ್ಲಿ ಪಾಠವನ್ನು ಗಟ್ಟಿಯಾಗಿ ಓದುವುದನ್ನೂ ಅವರು ಬಿಟ್ಟಿದ್ದರು. ಒಬ್ಬರಾದ ಮೇಲೆ ಒಬ್ಬರಂತೆ ಮಕ್ಕಳೇ ಓದಿಕೊಳ್ಳಲಿ ಎನ್ನುತ್ತಿದ್ದರು. ನನ್ನ ಕೋಣೆಯ ಮಕ್ಕಳು ಗೋಡೆಯ ಕಡೆ ಕಿವಿ ಕೊಡುವುದು ಯಾವಾಗ ನಿಂತಿತೋ... ನನಗೆ ನೆನಪಿಲ್ಲ.

ಮಾಳಪ್ಪ ಹತ್ತನೆಯ ತರಗತಿ ಪಾಸಾಗಿ ಮುಂದೆ ಓದಲಿಲ್ಲ. ನಾನು ಇಳಕಲ್ಲಿಗೆ ವರ್ಗವಾಗಿ ಬಂದ ಮೇಲೆ ಒಮ್ಮೆ ಸಿಕ್ಕಿದ್ದ. ಇಲ್ಲಿಯ ಒಂದು ಕಲ್ಲಿನ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ. ರೆಪ್ಪೆಯ ತುಂಬ ಕೆಂಪು ಧೂಳು. ಕಾಲಿಗೆ ನಮಸ್ಕಾರ ಮಾಡಿದ. ಸರ್ ಬಗ್ಗೆ ಅವನಾಗಿ ಕೇಳಲಿಲ್ಲ, ನಾನೇ ಹೇಳಿದೆ. ಮನೆಯ ಕಡೆ ಎಲ್ಲ ಹೇಗಿದ್ದಾರೆ, ಓಣಿಯವರಿಗೆ ಇನ್ನೂ ಓದಿ ಹೇಳುತ್ತೀಯಾ ಎಂದು ಕೇಳಿದೆ. ಆ ಪ್ರಶ್ನೆ ಬಾಯಿಂದ ಹೇಗೆ ಬಂತೋ ಬಂದುಬಿಟ್ಟಿತು.

"ಇಲ್ರಿ ಟೀಚರ. ಅಜ್ಜಿ ಫೋನ್ ತಂದ್ರೂ ನಂಗ ಕಾಣೂದಿಲ್ಲ ಅಂತೇನ್ರಿ. ಧೂಳ ಹೊಕ್ಕು ಕಣ್ಣ ಹ್ವಾದ್ವು ಅಂತೇನಿ." ಅವನ ಕಣ್ಣಿಗೆ ಏನೂ ಆಗಿರಲಿಲ್ಲ.

ಸರ್ ತೀರಿಕೊಂಡ ಸುದ್ದಿ ನನಗೆ ಬಂದದ್ದು ಫೋನಿನಲ್ಲಿ. ಆ ಶಾಲೆಯ ಹಳೆಯ ವಿದ್ಯಾರ್ಥಿಗಳು, ಶಿಕ್ಷಕರು ಸೇರಿ ಮಾಡಿಕೊಂಡ ಒಂದು ಗುಂಪಿದೆ. ಅದರಲ್ಲಿ ಯಾರೋ ಅವರ ಫೋಟೋ ಹಾಕಿ, ಸುತ್ತ ಹೂವಿನ ಚೌಕಟ್ಟು ಬಿಡಿಸಿ, ಕೆಳಗೆ ಬರೆದಿದ್ದರು. ನಮ್ಮ ಶಾಲೆಯ ಹೆಮ್ಮೆಯ ಗಣಿತ ಶಿಕ್ಷಕರು, ನೂರಕ್ಕೆ ನೂರು ಫಲಿತಾಂಶದ ಹರಿಕಾರರು ಇನ್ನಿಲ್ಲ, ಎಂದು.

ನಾನು ಆಗ ಅಡುಗೆಮನೆಯಲ್ಲಿದ್ದೆ. ಒಲೆ ಆರಿಸಿ ಅಲ್ಲಿಯೇ ಕುಳಿತೆ. ಒಬ್ಬೊಬ್ಬರಾಗಿ ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಿದ್ದರು. ಓಂ ಶಾಂತಿ, ಭಾವಪೂರ್ಣ ಶ್ರದ್ಧಾಂಜಲಿ, ಮತ್ತೆ ಕೈಮುಗಿದ ಚಿತ್ರ. ಅವರ ಬಳಿ ಕನ್ನಡ ಕಲಿತವರೇ ಅಷ್ಟೂ ಜನ. ಮರದ ಕೆಳಗೆ ಕುಳಿತಿದ್ದ ಹುಡುಗಿಯದೂ ಇತ್ತು. ಮಾಳಪ್ಪನದು ಇರಲಿಲ್ಲ, ಅವನು ಆ ಗುಂಪಿನಲ್ಲಿ ಇಲ್ಲ.

ಆಮೇಲೆ, ಅವರು ಗಣಿತ ಶಿಕ್ಷಕರಲ್ಲ, ಕನ್ನಡ ಶಿಕ್ಷಕರು, ಮಕ್ಕಳಿಗೆ ಓದಲು ಕಲಿಸುತ್ತಿದ್ದರು, ಎಂದು ಬರೆದು ಕಳಿಸಿದೆ.

ಅದರ ಕೆಳಗೂ ಕೈಮುಗಿದ ಚಿತ್ರಗಳು ಬಂದವು. ಸಂಜೆಯ ಹೊತ್ತಿಗೆ ಅದೇ ಫೋಟೋ, ಕೆಳಗೆ ಗಣಿತ ಶಿಕ್ಷಕರು ಎಂಬ ಅದೇ ಮಾತು, ನನ್ನ ಈಗಿನ ಶಾಲೆಯ ಗುಂಪಿಗೂ ಬಂದಿತ್ತು.